ಸಿಮೆಂಟಿನೊಳಗಿನ ಓಕ್ ಕಂಬ

"ಹೆಟಿಗೆ ಗಂಡ ಕೆಮ್ಮಿದ್ರೆ ಕೇಳಿಸೋದಿಲ್ಲ, ತೊಲೆ ಕಿರ್ ಅಂದ್ರೆ ಎದ್ದು ಕೂರ್ತಾಳೆ," ಎಂದು ಇಂಗ್ಲೆಂಡಿನ ಸಫೊಕ್‌ನ ನೆರೆಯವರು ಆಡಿಕೊಳ್ಳುತ್ತಿದ್ದರು. ಓಕ್ ಮರದ ಚೌಕಟ್ಟಿನ ನಡುವೆ ಹೆಣೆದ ಕಡ್ಡಿ, ಮಣ್ಣು ತುಂಬಿ ಕಟ್ಟಿದ ಆ ಹಳೇ ತಂಗುಮನೆಯನ್ನು ಹೆಟಿ ಗ್ಯಾರಡ್ ಮದುವೆಯಾದಾಗಿನಿಂದ ನಡೆಸುತ್ತಿದ್ದಳು. ಅತಿಥಿಗಳು ಚಳಿಯೆಂದು ಗೊಣಗಿದ್ದಕ್ಕೆ ಒಂದು ಬೇಸಿಗೆಯಲ್ಲಿ ಸುಣ್ಣದ ಗಾರೆ ಕೀಳಿಸಿ, ಹೊರಗೋಡೆಗೆಲ್ಲ ಸಿಮೆಂಟು ಬಳಿಸಿದಳು.

ಬಿರುಕುಗಳಿಂದ ಒಳಗೆ ಸೇರಿದ ಮಳೆನೀರಿಗೆ, ಸುಣ್ಣದ ಗಾರೆಯಲ್ಲಿದ್ದ ಆರುವ ದಾರಿ ಸಿಮೆಂಟಿನಿಂದ ಮುಚ್ಚಿಹೋಯಿತು. ವರ್ಷಗಳ ಮೇಲೆ ಬಡಗಿ ನೆಡ್ ಸಿಮೆಂಟು ಒಡೆದಾಗ ಮೂಲೆಗಂಬ ನೆನೆದ ಬ್ರೆಡ್ಡಿನಂತೆ ಉದುರಿತು.

"ಬೆಚ್ಚಗಿಡೋಕೆ ಹೋಗಿ ಉಸಿರು ಕಟ್ಟಿಸಿಬಿಟ್ಟೆ ಕಣೇ ಹೆಟಿ."

"ಒಂದೆರಡು ಕಂಬ ಬದಲಾಯ್ಸೋ, ನೆಡ್."

"ಯಾವುದರ ಮೇಲೆ ನಿಲ್ಲಿಸ್ಲಿ? ಕಂಬ ಹೊತ್ತಿದ್ದ ಬುಡದ ತೊಲೇನೇ ಕೊಳೆತು ಹೋಗಿದ್ಯಲ್ಲ. ಮಹಡಿ ಬೀಳೋಕೆ ಮುಂಚೆ ಹೊರಡು."

ಹೆಟಿ ಒಲೆಯ ಕೆಂಡಕ್ಕೆ ನೀರು ಸುರಿದಳು. ಬಾಗಿಲೆಳೆದುಕೊಳ್ಳಲು ಚಿಲಕ ಹಿಡಿದವಳು, ಗೋಡೆ ಅದುರೀತೆಂದು ಹೆದರಿ, ಅದನ್ನು ತೆರೆದೇ ಬಿಟ್ಟು ಬೀದಿಗಿಳಿದಳು.