ನೋಡಲಿಕ್ಕೆ ಮಾತ್ರ ಬೆಳೆದ ಸೊಪ್ಪು

ನನ್ನ ಅಕ್ಕನನ್ನು ಶಾಲೆಯ ಮಕ್ಕಳು ಸೌಟಕ್ಕ ಅಂತ ಕರೆಯುತ್ತಾರೆ. ಹದಿನಾಲ್ಕು ವರ್ಷದಿಂದ ಅಲ್ಲಿ ಮಧ್ಯಾಹ್ನದ ಅಡುಗೆ ಅವಳದು. ಕೈಯಲ್ಲಿ ಸೌಟು ಇಲ್ಲದಾಗಲೂ ಇದ್ದ ಹಾಗೆಯೇ ಮಾತಾಡುತ್ತಾಳೆ, ಅದಕ್ಕೇ ಆ ಹೆಸರು. ಅವಳಿಗೆ ಸಿಟ್ಟು ಜಾಸ್ತಿ ಅನ್ನುತ್ತಾರೆ. ಈ ವರ್ಷ ನಡೆದದ್ದನ್ನು ನೋಡಿದರೆ ಅವಳಿಗೆ ಬಂದ ಸಿಟ್ಟು ಏನೇನೂ ಸಾಲದು ಅಂತ ನನ್ನ ಅಭಿಪ್ರಾಯ.

ಶಾಲೆಯ ಹಿಂದೆ ಮುರಿದ ಬೆಂಚು, ತುಕ್ಕು ಹಿಡಿದ ತಗಡು ಬಿದ್ದಿದ್ದ ಜಾಗವೊಂದಿತ್ತು. ಹೋದ ವರ್ಷ ರಜೆಯಲ್ಲೆಲ್ಲ ಅಕ್ಕ ಅದನ್ನು ಅಗೆದು ಹದ ಮಾಡಿದಳು. ಆರು ಮಡಿ ಸೊಪ್ಪು, ಬೇಲಿಗೆ ಕುಂಬಳದ ಬಳ್ಳಿ, ಮೂಲೆಯಲ್ಲಿ ಮೂರು ಪರಂಗಿ ಗಿಡ. ಅಕ್ಕಿ ತೊಳೆದ ನೀರೆಲ್ಲ ಅಲ್ಲಿಗೇ. ನಾನು ಸೈಕಲ್ ರಿಪೇರಿಯವನು. ತಂತಿ ಬೇಲಿ ಕಟ್ಟಿ ಬಾಗಿಲು ಇಟ್ಟುಕೊಟ್ಟೆ. ಈಗ ಆ ಬಾಗಿಲು ನೆನೆದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಯಾಕೆಂದರೆ ಸೊಪ್ಪು ಗೇಣುದ್ದ ಬಂದ ದಿನವೇ ಹೆಡ್ಮಾಸ್ಟರ ಕಣ್ಣು ಅದರ ಮೇಲೆ ಬಿತ್ತು. ಚೆಂದದ ಶಾಲಾ ತೋಟಕ್ಕೆ ಮೇಲಿನವರು ಬಹುಮಾನ ಇಟ್ಟಿದ್ದರು. ಮಡಿಮಡಿಗೂ ‘ವಿಟಮಿನ್ ಎ’, ‘ಕಬ್ಬಿಣಾಂಶ’ ಅಂತ ಬಣ್ಣದ ಹಲಗೆ ನೆಟ್ಟರು. ನಾನು ಇಟ್ಟ ಬಾಗಿಲಿಗೆ ಬೀಗ ಜಡಿದರು.

“ತಪಾಸಣೆ ಮುಗಿಯೋವರೆಗೂ ಒಂದೆಲೆ ಕೀಳ್ಬೇಡಮ್ಮ. ತೋಟ ತುಂಬ್ಕೊಂಡಿರ್ಬೇಕು.”

“ಸಾರ್, ಇದು ಕಿತ್ತಷ್ಟೂ ಚಿಗುರೋ ಸೊಪ್ಪು. ಹಂಗೇ ಬಿಟ್ರೆ ಹೂ ಬಿಟ್ಟು ನಾರಾಗುತ್ತೆ.”

“ನಾರಾದ್ರೂ ಹಸಿರಾಗೇ ತಾನೇ ಕಾಣೋದು?”

ಆ ಮಾತನ್ನು ಅಕ್ಕ ಮನೆಯಲ್ಲಿ ನಾಲ್ಕು ಸಲ ಹೇಳಿದಳು, ನಾಲ್ಕು ಸಲವೂ ಅವರದೇ ದನಿಯಲ್ಲಿ. ತಪಾಸಣೆ ಮುಂದಕ್ಕೆ ಹೋಯಿತು. ಮತ್ತೂ ಹೋಯಿತು. ಬೇಲಿಯಾಚೆ ಸೊಪ್ಪು ಸೊಕ್ಕಿ ನಿಂತಿತ್ತು, ಈಚೆ ಮಕ್ಕಳ ತಟ್ಟೆಯಲ್ಲಿ ಅನ್ನ ಮತ್ತು ಮುಖ ಕಾಣುವಷ್ಟು ತೆಳ್ಳಗಿನ ಬೇಳೆ.

ನಮ್ಮ ಪಕ್ಕದ ಮನೆಯ ಟೈಲರನ ಮಗಳು ಗುಬ್ಬಿ. ಏಳು ವರ್ಷ. ನಡೆಯುವುದೇ ಗೊತ್ತಿಲ್ಲ, ಬರೀ ಓಟ. ಅಂಥವಳು ಸಂಜೆಯಾದರೆ ಗೋಡೆ ಸವರಿಕೊಂಡು ಬರತೊಡಗಿದಳು.

“ಆಟಕ್ಕೆ ಕಾಣೋ ಕಣ್ಣು ಓದೋ ಹೊತ್ತಿಗೆ ಕಾಣಲ್ವಂತೆ. ಬರೀ ನಾಟಕ,” ಅಂದ ಅವಳಪ್ಪ.

ಅಕ್ಕ ಮುಸ್ಸಂಜೆ ಮೆಟ್ಟಿಲ ಮೇಲೆ ಲೋಟ ಇಟ್ಟು, “ತಗೊಂಡ್ಬಾ ಪುಟ್ಟಿ” ಅಂದಳು. ಮಗು ಲೋಟದ ಪಕ್ಕದಲ್ಲೇ ನೆಲ ತಡಕಾಡಿತು. ಟೈಲರ್ ಮುಖ ಆ ಕಡೆ ತಿರುಗಿಸಿಕೊಂಡ.

ನರ್ಸಮ್ಮ ನೋಡಿದ ಕೂಡಲೇ ಹೇಳಿದರು. “ಇರುಳುಗಣ್ಣು. ವಿಟಮಿನ್ ಎ ಸಾಲ್ತಿಲ್ಲ. ಕುಡಿಸೋ ಔಷಧಿ ಮುಗಿದಿದೆ, ಮೇಲಿಂದ ಬರ್ಬೇಕು. ಅಲ್ಲಿವರೆಗೆ ಸೊಪ್ಪು, ಪರಂಗಿ, ಕುಂಬಳ ಕೊಡಿ, ಮೇಲೊಂದು ಚಮಚ ಎಣ್ಣೆ. ಹಂಗೇ ಬಿಟ್ರೆ ಕಣ್ಣೇ ಹೋಗುತ್ತೆ. ಒಂದು ಮಗುಗಿದ್ರೆ ಕ್ಲಾಸಲ್ಲಿ ಇನ್ನೂ ಇರ್ತಾವೆ.”

ಔಷಧಿಗಾಗಿ ಅಕ್ಕ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಳು. ಹೆಡ್ಮಾಸ್ಟರು ಮಾತ್ರ “ತಪಾಸಣೆಗೆ ಇನ್ನೊಂದೇ ವಾರ” ಅನ್ನುತ್ತಲೇ ಇದ್ದರು.

ನೀರು ಹಾಕುವವಳು ಅವಳೇ ಆದ್ದರಿಂದ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಶಾಲೆಯ ಹಿಂದಿನ ರಸ್ತೆಯಿಂದ ನೋಡುವವರಿಗೆ ಕಾಣುವುದು ಅಂಚಿನ ಸಾಲು ತಾನೇ? ಅಕ್ಕ ನಡುವಿನಿಂದ ಕೊಯ್ಯತೊಡಗಿದಳು. ದಿನವೂ ಒಂದು ಬುಟ್ಟಿ ಸೊಪ್ಪು ಸಣ್ಣಗೆ ಹೆಚ್ಚಿ ಬೇಳೆಗೆ ಹಾಕುವುದು, ಮೇಲೆ ಎಣ್ಣೆ. ಪರಂಗಿ ಹಣ್ಣಿನಲ್ಲಿ ಗುಬ್ಬಿಗೆ ದಿನಾ ಒಂದು ಹೋಳು. ಹೆಡ್ಮಾಸ್ಟರು ಮನೆಯಿಂದ ತಂದ ಡಬ್ಬಿ ಉಣ್ಣುವವರು. ಮಕ್ಕಳ ತಟ್ಟೆಯಲ್ಲಿ ಏನಿದೆ ಅಂತ ಅವರು ಯಾವತ್ತು ಬಗ್ಗಿ ನೋಡಿದ್ದರು? ಆದರೆ ಎಂಬತ್ತು ತಟ್ಟೆಗೆ ಆರು ಮಡಿ ಎಷ್ಟಂತ ಚಿಗುರುತ್ತವೆ? ನಾಲ್ಕೇ ವಾರದಲ್ಲಿ ನಡುವೆಲ್ಲ ಬೋಳಾಯಿತು.

ಐದನೆಯ ವಾರ ತಪಾಸಣೆಯ ಸಾಹೇಬರು ಬಂದರು. ರಸ್ತೆಯಲ್ಲೇ ನಿಂತು ಫೋಟೋ ತೆಗೆದುಕೊಂಡು ಹೋಗುವ ಜಾತಿಯವರಲ್ಲ. ಒಳಗೆ ಹೋಗಿ ಅಂಚಿನ ಸಾಲು ಸರಿಸಿ ನೋಡಿದರು. ಹೆಡ್ಮಾಸ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಇಲ್ಲಿದ್ದ ಸೊಪ್ಪೆಲ್ಲಿ?”

“ಮಕ್ಕಳ ಹೊಟ್ಟೆಯಲ್ಲಿ, ಸಾರ್,” ಅಂದಳು ಅಕ್ಕ.

ಅವರು ನಕ್ಕರು. ನಕ್ಕು, ‘ನಿರ್ವಹಣೆ ಸಾಲದು’ ಅಂತ ಬರೆದರು. ಬಹುಮಾನ ಪಕ್ಕದೂರಿನ ಶಾಲೆಗೆ ಹೋಯಿತು. ನಾನು ಕೆಲಸ ಬಿಟ್ಟು ಹೋಗಿ ನೋಡಿ ಬಂದೆ. ಅಲ್ಲಿ ಸೊಪ್ಪು ಎದೆಯೆತ್ತರ ಬೆಳೆದು ಬೀಜ ಉದುರಿಸುತ್ತಿತ್ತು. ಒಂದೆಲೆ ಯಾರೂ ಮುಟ್ಟಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಹೆಡ್ಮಾಸ್ಟರು ಅಕ್ಕನಿಂದ ಬೀಗದ ಕೈ ಕಿತ್ತುಕೊಂಡರು. ಮುಂದಿನ ವರ್ಷದ ಬಹುಮಾನಕ್ಕೆ ಈಗಿನಿಂದಲೇ ಕಾಪಾಡಬೇಕಂತೆ. ಆ ಸಂಜೆ ನಾನೂ ಅಕ್ಕನೂ ಬೇಲಿಯ ಹತ್ತಿರ ನಿಂತಿದ್ದೆವು. ಕತ್ತಲು ಇಳಿಯುತ್ತಿತ್ತು. ಗುಬ್ಬಿ ಓಡಿಬಂದಳು, ಗೋಡೆ ಮುಟ್ಟದೆ. ತಂತಿಗೆ ಮೂಗು ಒತ್ತಿ ಒಳಗೆ ನೋಡಿದಳು.

“ಸೌಟಕ್ಕ, ನಡುವೆ ಏನೂ ಇಲ್ವಲ್ಲ! ಪರಂಗೀಲಿ ಒಂದೇ ಒಂದು ಕಾಯಿ ಇದೆ, ಆ ಕೊನೇ ಗಿಡದಲ್ಲಿ!”

ಆ ಮಬ್ಬಿನಲ್ಲಿ ನನಗೆ ಕೊನೆಯ ಗಿಡವೇ ಸರಿಯಾಗಿ ಕಾಣುತ್ತಿರಲಿಲ್ಲ. ಅಕ್ಕ ಬೀಗ ಹಿಡಿದು ಎರಡು ಸಲ ಜಗ್ಗಿದಳು.

“ನಿನ್ ಕ್ಲಾಸಲ್ಲಿ ಇನ್ನೂ ಯಾರ್ಯಾರು ಗೋಡೆ ಹಿಡ್ಕೊಂಡು ನಡೀತಾರೆ, ಹೇಳು.”

ಗುಬ್ಬಿ ಬೆರಳು ಮಡಚುತ್ತಾ ಹೆಸರು ಹೇಳತೊಡಗಿದಳು. ಒಂದು ಕೈ ಮುಗಿಯಿತು. ಅವಳು ಇನ್ನೊಂದು ಕೈ ಎತ್ತಿಕೊಂಡಳು.