ಕೈಚೀಲ ಕೈಯಲ್ಲೇ ಇರಲಿ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಮೂವತ್ತೊಂದು ವರ್ಷ ಬಂದರಿನಲ್ಲಿ ಹಮಾಲಿಯಾಗಿದ್ದವರು. ವಿಹಾರದ ಹಡಗು ಹತ್ತಲು ಬಂದ ಸಾವಿರಾರು ಜನರಿಗೆ, ಕೇಳಿದವರಿಗೂ ಕೇಳದವರಿಗೂ, ಬಾಯಿ ಒಣಗುವಷ್ಟು ಬುದ್ಧಿ ಹೇಳಿದರು. ನನಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತು ಮಾತ್ರ ಆ ಮಧ್ಯಾಹ್ನ ಅವರ ಬಾಯಿಂದ ಹೊರಡಲಿಲ್ಲ. "ಬಿಡೋ ಆ ಚೀಲ" ಅಂದಿದ್ದರೆ ಸಾಕಾಗಿತ್ತು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನನ್ನು ಬಂದರಿಗೆ ಸೇರಿಸಿದವರೇ ಭಾವ. ಅಲ್ಲಿ ನನ್ನ ಹೆಸರು ಕೆಂಡ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅವರ ಹೆಸರು ಮೇಷ್ಟ್ರು.

ನಮ್ಮ ಕೆಲಸ ಹೀಗೆ. ಹಡಗು ಹೊರಡುವ ದಿನ ಪ್ರಯಾಣಿಕರು ಕಾರಿನಿಂದ ಇಳಿದ ಕೂಡಲೇ ದೊಡ್ಡ ಪೆಟ್ಟಿಗೆಗಳನ್ನು ನಮ್ಮ ಕೈಗೆ ಕೊಡುತ್ತಾರೆ. ನಾವು ಕೋಣೆಯ ನಂಬರಿನ ಚೀಟಿ ಇದೆಯೇ ಎಂದು ನೋಡಿ, ಜಾಲರಿಯ ಗಾಡಿಗೆ ತುಂಬಿ, ತಪಾಸಣೆಯ ಯಂತ್ರದ ಬಾಯಿಗೆ ತಳ್ಳುತ್ತೇವೆ. ಅಲ್ಲಿಂದಾಚೆ ಅದು ಹಡಗಿನವರ ಸೊತ್ತು. ಪೆಟ್ಟಿಗೆ ಕೋಣೆಯ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ, ಕೆಲವೊಮ್ಮೆ ರಾತ್ರಿ ಊಟವೂ ಮುಗಿದಿರುತ್ತದೆ. ಜನರಿಗೆ ಇದು ಗೊತ್ತಿರುವುದಿಲ್ಲ. ಮಾತ್ರೆ, ಕನ್ನಡಕ, ಕಾಗದಪತ್ರ ಎಲ್ಲವನ್ನೂ ಪೆಟ್ಟಿಗೆಯ ತಳದಲ್ಲಿ ಜೋಪಾನ ಮಾಡಿ ಬಂದಿರುತ್ತಾರೆ.

ಭಾವನ ಪಾಠ ಅಲ್ಲಿಂದಲೇ ಶುರು. "ಅಮ್ಮಾ, ಮಾತ್ರೆ ಎಲ್ಲಿದೆ? ಪೆಟ್ಟಿಗೇಲಾ? ತೆಗೀರಿ, ತೆಗೀರಿ. ಪಾಸ್‌ಪೋರ್ಟು, ಮಾತ್ರೆ, ಒಂದು ಜೊತೆ ಬಟ್ಟೆ, ಇಷ್ಟು ಕೈಚೀಲದಲ್ಲಿರಲಿ. ಕೈಚೀಲ ಕೈಯಲ್ಲೇ ಇರಲಿ. ದೇವರೇ ಬಂದು ಕೇಳಿದ್ರೂ ಕೊಡಬೇಡಿ." ಜೇಬಿನಲ್ಲಿ ಸದಾ ಒಂದು ಸ್ಟೇಪ್ಲರು. ಚೀಟಿ ಸಡಿಲ ಕಂಡರೆ ಎರಡು ಪಿನ್ನು ಹೊಡೆದು, ಮೇಲೆ ಟೇಪು ಸುತ್ತುವರು. ಇಸ್ತ್ರಿಪೆಟ್ಟಿಗೆ ತಂದವರಿಗೆ ಬೈಯುವರು: "ಹಡಗಲ್ಲಿ ಇದನ್ನ ಬಿಡಲ್ಲ ಸ್ವಾಮಿ, ಇದೊಂದರ ದೆಸೆಯಿಂದ ನಿಮ್ಮ ಇಡೀ ಪೆಟ್ಟಿಗೆ ತಡೆದಿಡ್ತಾರೆ." ಹೊಟ್ಟೆ ತೊಳಸುವವರಿಗೆ ಹಡಗಿನ ನಡುಮಧ್ಯೆ, ಕೆಳಗಿನ ಅಂತಸ್ತಿನ ಕೋಣೆ ಒಳ್ಳೆಯದು. ಖಾಲಿ ಹೊಟ್ಟೆಯಲ್ಲಿ ಇರಬಾರದು, ಒಣ ಬಿಸ್ಕತ್ತು ಕಚ್ಚುತ್ತಿರಬೇಕು. ಹೊಸ ಚಪ್ಪಲಿ ಹಾಕಿಕೊಂಡು ಹೋಗಬಾರದು. ಪೆಟ್ಟಿಗೆಯಲ್ಲಿ ಕಾಲುಭಾಗ ಖಾಲಿ ಬಿಡಬೇಕು. ನಡುವೆ ಊರು ಸಿಕ್ಕಿ ಇಳಿದರೆ ಹಡಗಿನ ಗಡಿಯಾರ ನೋಡಬೇಕೇ ಹೊರತು ಊರಿನ ಗಡಿಯಾರ ಅಲ್ಲ. ಹಡಗು ಹೊರಡುವ ದಿನವೇ ಊರಿಂದ ಹೊರಡಬಾರದು, ಹಿಂದಿನ ದಿನವೇ ಬಂದು ಉಳಿದುಕೊಳ್ಳಬೇಕು.

ಇಷ್ಟೆಲ್ಲ ಹೇಳುವ ಮನುಷ್ಯ ಹಡಗಿನೊಳಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ತಪಾಸಣೆಯ ಯಂತ್ರದ ಆಚೆ ನೆಲಕ್ಕೆ ಬಳಿದ ಹಳದಿ ಗೆರೆಯನ್ನು ನಾವು ದಾಟುವ ಹಾಗಿರಲಿಲ್ಲ. ವಾಪಸು ಬಂದವರನ್ನು ಕೇಳಿ ಕೇಳಿ ಕಲಿತಿದ್ದರು. "ಏನು ತಗೊಂಡು ಹೋಗೋದು ಮರೆತ್ರಿ? ಏನು ಸುಮ್ನೆ ಹೊತ್ಕೊಂಡು ಹೋದ್ರಿ?" ಪ್ರತಿ ಹಡಗು ಬಂದಾಗಲೂ ಇವೇ ಎರಡು ಪ್ರಶ್ನೆ. ಜೊತೆಯವರು ಕಿಚಾಯಿಸುತ್ತಿದ್ದರು: "ಮೇಷ್ಟ್ರೇ, ಈಜು ಬರದೆ ಈಜು ಕಲಿಸೋರು ನೀವೊಬ್ರೇ ನೋಡಿ!" ಭಾವ ನಗುತ್ತಿದ್ದರು. "ಮುಳುಗಿದೋರ್ನ ಎಣಿಸಿದ್ದೀನಿ ಕಣ್ರೋ, ಅಷ್ಟು ಸಾಲದಾ?"

ಅಕ್ಕನ ಕಣ್ಣಿನ ವಿಷಯ ಈಗ ಹೇಳಬೇಕು. ಅವಳಿಗೆ ನಲವತ್ತೈದು ದಾಟಿದ ಮೇಲೆ ನೋಟ ಎರಡೂ ಪಕ್ಕದಿಂದ ಮುಚ್ಚಿಕೊಳ್ಳುತ್ತಾ ಬಂತು. ಎದುರಿಗಿರುವ ಬಟ್ಟಲು ಕಾಣುತ್ತಿತ್ತು, ಪಕ್ಕದಲ್ಲಿ ಕೂತ ಗಂಡ ಕಾಣುತ್ತಿರಲಿಲ್ಲ. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ, ಅನ್ನುತ್ತಿದ್ದಳು. ಕಣ್ಣಿನ ಡಾಕ್ಟರು ಕೊನೆಗೆ, "ಇನ್ನೊಂದು ವರ್ಷ ಇದ್ದರೆ ಹೆಚ್ಚು. ನೋಡೋದೇನಿದ್ದರೂ ನೋಡಿಬಿಡಿ," ಅಂದರು.

ಅವಳು ನೋಡಬೇಕು ಅಂದದ್ದು ಒಂದನ್ನೇ. ಬಂದರಿನ ಹಿಂದಿನ ಬೀದಿಯಲ್ಲೇ ಮೂವತ್ತು ವರ್ಷ ಸಂಸಾರ ಮಾಡಿದರೂ ಅವಳಿಗೆ ಕಾಣುತ್ತಿದ್ದದ್ದು ಕ್ರೇನು, ಗೋದಾಮು, ಅಲೆ ತಡೆಯುವ ಕಲ್ಲಿನ ಗೋಡೆ ಅಷ್ಟೇ. "ನಾಲ್ಕೂ ಕಡೆ ಬರೀ ನೀರೇ ಇರೋದನ್ನ ಒಂದ್ಸಲ ನೋಡ್ಬೇಕು ಕಣೋ. ಒಂದು ಕಡೆಯೂ ದಡ ಇರಬಾರದು. ಆಮೇಲೆ ಕತ್ತಲಾದ್ರೆ ಆಗ್ಲಿ."

ದಾರಿ ತಾನಾಗಿಯೇ ತೆರೆಯಿತು. ಭಾವ ನಿವೃತ್ತರಾಗುವ ವರ್ಷ ಹಡಗಿನ ಕಂಪನಿಯವರು, ಅವರ ಕೊನೆಯ ದಿನ ಹೊರಡುವ ಹಡಗಿನಲ್ಲೇ ಗಂಡಹೆಂಡತಿಗೆ ಐದು ದಿನದ ಯಾನ ಉಚಿತ ಎಂದರು. ಕಿಟಕಿ ಇಲ್ಲದ ಕೋಣೆ. ಅದೇ ದಿನ, ಅದೇ ಹಡಗು, ತಪ್ಪಿದರೆ ಇನ್ನೊಂದಿಲ್ಲ ಎಂದು ಕಾಗದದಲ್ಲೇ ಬರೆದಿದ್ದರು. ಅಕ್ಕ, "ಕಿಟಕಿ ಕಟ್ಕೊಂಡು ನನಗೇನಾಗ್ಬೇಕು, ಮೇಲೆ ಹೋಗಿ ನಿಂತ್ರೆ ಸಾಕು," ಅಂದಳು.

ಮೂರು ವಾರ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಭಾವ ಮಂಚದ ಮೇಲೆ ಪೆಟ್ಟಿಗೆ ತುಂಬುವುದು, ತೂಗಿ ನೋಡುವುದು, ತೆಗೆಯುವುದು, ಮತ್ತೆ ತುಂಬುವುದು. ಕಂದು ಬಣ್ಣದ ಒಂದು ಬಟ್ಟೆಯ ಕೈಚೀಲ ತಂದರು. ಅದರಲ್ಲಿ ಇಬ್ಬರ ಪಾಸ್‌ಪೋರ್ಟು, ಹಡಗಿನ ಕಾಗದ, ಅಕ್ಕನ ಕಣ್ಣಿನ ಔಷಧಿ, ಒಂದೊಂದು ಜೊತೆ ಬಟ್ಟೆ.

"ಪ್ರಾಣ ಹೋದ್ರೂ ಇದನ್ನ ಕೈ ಬಿಡಬೇಡ ಕಣೇ."

"ನಿಮ್ಮ ಕೈನಾದ್ರೂ ಬಿಟ್ಟೇನು, ಇದನ್ನ ಬಿಡಲ್ಲ. ಇನ್ನು ಹತ್ತು ಸಲ ಹೇಳಿದ್ರೆ ಮಾತ್ರ ನಾನೊಬ್ಳೇ ಹೋಗ್ತೀನಿ ನೋಡಿ."

ನಮ್ಮ ಹಮಾಲಿಗಳಲ್ಲಿ ಒಂದು ಪದ್ಧತಿ ಇದೆ. ಯಾರ ಕೊನೆಯ ದಿನವೋ, ಅವತ್ತು ಅವರ ಕೈಗೆ ಭಾರ ತಾಕಬಾರದು. ಅವರ ಮನೆಯವರ ಕೈಗೂ ತಾಕಬಾರದು. ಊಟದ ಡಬ್ಬಿಯನ್ನೂ ನಾವೇ ಹೊರಬೇಕು. ಎಷ್ಟೋ ವರ್ಷದಿಂದ ನಡೆದುಬಂದದ್ದು. ಬೇರೆ ಮರ್ಯಾದೆ ನಮಗೆ ಯಾರು ಮಾಡುತ್ತಾರೆ?

ಆ ದಿನ ಎರಡೂವರೆಗೆ ಭಾವ, ಅಕ್ಕ ಬಂದು ಇಳಿದರು. ಹನ್ನೊಂದು ಜನ ಎರಡು ಸಾಲಾಗಿ ನಿಂತಿದ್ದೆವು. ಚಪ್ಪಾಳೆ, ಶಿಳ್ಳೆ. ನಾನು ಎರಡು ಪೆಟ್ಟಿಗೆಗಳನ್ನೂ ಒಟ್ಟಿಗೆ ಎತ್ತಿ ಗಾಡಿಗೆ ಹಾಕಿದೆ. ತಿರುಗಿ ನೋಡಿದರೆ ಅಕ್ಕನ ಕೈಯಲ್ಲಿ ಇನ್ನೂ ಒಂದು ಚೀಲ. ನನ್ನ ಅಕ್ಕ, ನನ್ನ ಭಾವನ ಹೆಂಡತಿ, ಅವತ್ತು ಚೀಲ ಹೊರುವುದೇ? ಪಕ್ಕದಿಂದ ಹೋಗಿ ಅವಳ ಕೈಯಿಂದ ಅದನ್ನು ಎಳೆದುಕೊಂಡೆ. ಅವಳು "ಯಾರದು, ಯಾರದು" ಅಂದಳು. ಆ ಗದ್ದಲದಲ್ಲಿ ಕೇಳಿದವರಾರು? ಪಕ್ಕದಲ್ಲಿದ್ದ ನಾನು ಅವಳಿಗೆ ಕಾಣಲಿಲ್ಲ. ಭಾವನಿಗೆ ಕಂಡೆ. ನಮ್ಮ ಕಣ್ಣು ಸೇರಿದವು. ಅವರ ಬಾಯಿ ತೆರೆಯಿತು. ಅಷ್ಟರಲ್ಲಿ ನಾಲ್ಕು ಜನ ಅವರನ್ನೇ ಎತ್ತಿ ಇನ್ನೊಂದು ಖಾಲಿ ಗಾಡಿಯ ಮೇಲೆ ಕೂರಿಸಿಕೊಂಡು ಓಡಿದರು. ಚೀಲ ನಾನೇ ಕೌಂಟರಿಗೆ ತರುತ್ತೇನೆ ಎಂದು ಭಾವ ಅಂದುಕೊಂಡರಂತೆ. "ನಿನಗೆ ಗೊತ್ತಿಲ್ಲದ್ದಾ ಅಂತ ಸುಮ್ಮನಾದೆ," ಎಂದು ಎಷ್ಟೋ ದಿನದ ಮೇಲೆ ಹೇಳಿದರು.

ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅವರ ಬಾಯಿಂದ ದಿನಾ ಅದನ್ನೇ ಕೇಳಿದ್ದೆ. ಆದರೂ ಆ ಚೀಲವನ್ನು ಜಾಲರಿಯೊಳಗೆ ಎಸೆದೆ. ಕೈಚೀಲಕ್ಕೆ ಚೀಟಿ ಇರುವುದಿಲ್ಲ. ಗಾಡಿ ಯಂತ್ರ ದಾಟಿ ಹಡಗಿನ ಹೊಟ್ಟೆಗೆ ಹೋಯಿತು.

ಕೌಂಟರಿನಲ್ಲಿ ಪಾಸ್‌ಪೋರ್ಟು ಕೇಳಿದರು. ಅಕ್ಕ ಬರಿಗೈ ಚಾಚಿ, "ಯಾರೋ ಚೀಲ ತಗೊಂಡ್ರು, ನೀವಲ್ವಾ?" ಅಂದಳು. ಭಾವ ನನ್ನ ಕಡೆ ನೋಡಿದರು. ನಾನು ಓಡಿದೆ.

ಹಳದಿ ಗೆರೆಯ ಹತ್ತಿರ ಹಡಗಿನ ಕಾವಲಿನವನು ತಡೆದ. ಒಳಗೆ ಮೂರು ಸಾವಿರ ಪೆಟ್ಟಿಗೆ. ಚೀಟಿ ಇಲ್ಲದ್ದನ್ನು ಬೇರೆ ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ, ಬೀಗದ ಕೈ ಮೇಲಿನವರ ಹತ್ತಿರ. ಮತ್ತೆ ಕೌಂಟರಿಗೆ ಓಡಿ ಬಂದೆ. ಅಷ್ಟರಲ್ಲಿ ಮೂರೂಕಾಲು. ಮೂರೂವರೆಗೆ ಪ್ರಯಾಣಿಕರ ಪಟ್ಟಿ ಮುಚ್ಚುತ್ತದೆ.

ಕೌಂಟರಿನ ಹೆಂಗಸಿಗೆ ನನ್ನ ಮಗಳ ವಯಸ್ಸು. ಫೋನು ಕಿವಿಗೆ ಹಿಡಿದು ಕೂತಿದ್ದಳು. "ಹಡಗಿಗೆ ಹೇಳಿದ್ದೀನಿ, ಹುಡುಕ್ತಿದ್ದಾರೆ. ಇವರಿಬ್ಬರ ಹೆಸರು ನಾಲ್ಕರವರೆಗೆ ತೆಗೆಯಲ್ಲ. ಸ್ವಲ್ಪ ಸುಮ್ನಿರಿ," ಅಂದಳು.

ಸುಮ್ಮನಿರುವುದು ನನಗೆ ಯಾವತ್ತು ಬಂದಿದೆ? ಎರಡು ನಿಮಿಷ ತಡೆದೆ. ಅವಳು ಬರೀ ಹೂಂ, ಹೂಂ ಅನ್ನುತ್ತಿದ್ದಳು. ಒಂದು ಸಲ ಯಾವುದಕ್ಕೋ ನಕ್ಕಳು.

"ಏನಮ್ಮ, ಹರಟೆ ಹೊಡೀತಿದ್ದೀಯಾ? ಇಲ್ಲಿ ಪ್ರಾಣ ಹೋಗ್ತಾ ಇದೆ, ನಿನಗೆ ನಗು!"

"ಕೆಂಡ, ಸುಮ್ನಿರೋ," ಅಂದರು ಭಾವ.

"ನೀವು ಸುಮ್ನಿರಿ ಭಾವ! ಇವರಿಗೆಲ್ಲ ಹೀಗೆ ಹೇಳಿದ್ರೆ ಅರ್ಥ ಆಗಲ್ಲ!" ಎಂದು ಅವಳ ಕೈಯಿಂದ ಫೋನು ಕಿತ್ತುಕೊಂಡು ನಾನೇ ಅದರೊಳಗೆ ಕೂಗಿದೆ. ಏನು ಬೈದೆನೋ ನೆನಪಿಲ್ಲ. ಆ ಕಡೆಯವರು ಫೋನು ಇಟ್ಟರು. ಸಿಟ್ಟಿನಲ್ಲಿ ಫೋನು ಎಸೆದೆ. ಅದು ಅವಳ ಮುಂದಿನ ಕಂಪ್ಯೂಟರಿನ ಪರದೆಗೆ ತಾಗಿ ಗಾಜು ಬಿರುಕು ಬಿಟ್ಟಿತು. ಹುಡುಗಿ ಹೆದರಿ ಗಂಟೆ ಒತ್ತಿದಳು. ಕಾವಲಿನವರು ಬಂದರು. ಗಲಾಟೆಯಾದರೆ ಆ ಕೌಂಟರು ಮುಚ್ಚಬೇಕು ಅಂತ ನಿಯಮವಂತೆ. ನನ್ನ ಜೊತೆ ಭಾವನನ್ನೂ ಅಕ್ಕನನ್ನೂ ಹೊರಗೆ ಕಳಿಸಿದರು. ಮತ್ತೊಂದು ಕೌಂಟರಿಗೆ ಹೋಗಿ ಭಾವ ಕೈಮುಗಿದು ನಿಲ್ಲುವಾಗ ನಾಲ್ಕು ಗಂಟೆ ಐದು ನಿಮಿಷ. ಚೀಲ ಸಿಕ್ಕಿತ್ತಂತೆ. ಹೇಳೋಣ ಎಂದು ಹಡಗಿನವರು ಮುಚ್ಚಿದ ಆ ಕೌಂಟರಿಗೆ ಫೋನು ಮಾಡಿದಾಗ ಇತ್ತ ಎತ್ತುವವರಿರಲಿಲ್ಲ.

ಹೊರಗೆ, ಬಸ್ಸಿಗೆ ಕಾಯುವ ಬೆಂಚಿನ ಮೇಲೆ ಮೂವರೂ ಕೂತೆವು. ಐದಕ್ಕೆ ಹಡಗು ಕೂಗು ಹಾಕಿತು. ಗೋದಾಮಿನ ಮಾಡಿನ ಮೇಲೆ ಅದರ ಹೊಗೆಕೊಳವೆ ಮಾತ್ರ ನಿಧಾನಕ್ಕೆ ಸರಿಯುತ್ತಿತ್ತು. ಅಕ್ಕ ಕತ್ತು ಅತ್ತ ಇತ್ತ ತಿರುಗಿಸಿ ಹುಡುಕಿದಳು. ಸಿಗಲಿಲ್ಲ ಅವಳಿಗೆ.

"ಚೀಲ ಯಾರು ತಗೊಂಡಿದ್ದು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು, "ನಾನೇ ಕಣೇ. ಕೈಗೆ ರೂಢಿ ನೋಡು, ಸಿಕ್ಕಿದ್ದನ್ನೆಲ್ಲ ಗಾಡಿಗೆ ಹಾಕಿಬಿಡುತ್ತೆ."

"ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ರಲ್ಲ!" ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಡಾಕ್ಟರು ಹೇಳಿದ ದಿನವೂ.

ಪೆಟ್ಟಿಗೆಗಳು ಐದು ದಿನ ಸಮುದ್ರ ಸುತ್ತಿ ವಾಪಸು ಬಂದವು. ಮಡಿಕೆ ಮುರಿಯದ ಬಟ್ಟೆಗಳನ್ನು ಭಾವ ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟರು. ಕಂಪನಿಯ ಆಫೀಸಿಗೆ ಮೂರು ಸಲ ಹೋದರು. ಕಾಗದದಲ್ಲಿ ಬರೆದಿದೆಯಲ್ಲ, ಅಂದರು ಆಫೀಸಿನವರು. ಕೌಂಟರಿನ ಗಲಾಟೆಗೆ ನನ್ನನ್ನು ನಾಲ್ಕು ತಿಂಗಳು ಕೆಲಸದಿಂದ ಹೊರಗಿಟ್ಟಿದ್ದರು. ಒಂದು ದಿನ ಮೀನಿನ ದೋಣಿಯವನೊಬ್ಬನನ್ನು ಒಪ್ಪಿಸಿ ಅಕ್ಕನನ್ನು ಕರೆಯಲು ಹೋದೆ. ಮಳೆಗಾಲ ಮುಗಿಯಲಿ ಅಂದರು ಭಾವ. ಮುಗಿಯುವ ಹೊತ್ತಿಗೆ ಅವಳಿಗೆ ಬೆಳಕು ಯಾವುದು, ನೆರಳು ಯಾವುದು ಅನ್ನುವಷ್ಟೇ ಉಳಿದಿತ್ತು. ಹನ್ನೊಂದನೇ ತಿಂಗಳಿಗೆ ಅದೂ ಹೋಯಿತು.

ಭಾವ ಬಂದರಿನ ಕಡೆ ಮುಖ ಹಾಕಲಿಲ್ಲ. ಪಕ್ಕದ ಮನೆಯ ಗಂಡಹೆಂಡತಿ ಹಡಗಿಗೆ ಟಿಕೆಟ್ ಮಾಡಿಸಿ, "ಮೇಷ್ಟ್ರೇ, ಏನೇನು ತಗೊಂಡು ಹೋಗ್ಬೇಕು?" ಎಂದು ಕೇಳಲು ಬಂದರು. ಭಾವ "ಕೌಂಟರಲ್ಲಿ ಕೇಳಿ" ಎಂದು ಎದ್ದು ಒಳಗೆ ಹೋದರು. ಗೋಡೆಗೆ ಒರಗಿ ಕೂತಿದ್ದ ಅಕ್ಕನೇ ಶುರು ಮಾಡಿದಳು: ಹಿಂದಿನ ದಿನವೇ ಹೋಗಿ, ಚೀಟಿಗೆ ಎರಡು ಪಿನ್ನು ಹೊಡೀರಿ, ಇಸ್ತ್ರಿಪೆಟ್ಟಿಗೆ ಬೇಡ, ಒಣ ಬಿಸ್ಕತ್ತು ಇಟ್ಕೊಳ್ಳಿ. ಒಂದೂ ಬಿಡದೆ ಹೇಳಿ, "ಇಷ್ಟೂ ನನ್ನ ಗಂಡ ಹೇಳಿಕೊಟ್ಟಿದ್ದು. ಅವರಿಗೆ ಮಾತ್ರ ನೆನಪಿರಲಿಲ್ಲ," ಅಂದಳು. ಒಳಗೆ ಭಾವ ನೀರಿನ ಲೋಟ ಹಿಡಿದು ನಿಂತೇ ಇದ್ದರು. ನಾನು ಹೊಸಿಲ ಮೇಲಿದ್ದೆ.

ಎರಡನೇ ವರ್ಷ ಭಾವನ ಎದೆ ಕೆಟ್ಟಿತು. ಹಾಸಿಗೆ ಹಿಡಿದಾಗ, ಅಕ್ಕ ಬಚ್ಚಲಲ್ಲಿದ್ದ ಹೊತ್ತು ನೋಡಿ ನಾನು, "ಇವತ್ತು ಹೇಳಿಬಿಡ್ತೀನಿ ಭಾವ," ಅಂದೆ.

"ಹೇಳಿ ಏನು ಮಾಡ್ತೀಯ? ಕಣ್ಣು ವಾಪಸ್ ಬರುತ್ತಾ? ನಾಳೆ ನಾನಿಲ್ಲದಾಗ ಅವಳು ನಿನ್ನ ಮನೇಲಿ, ನಿನ್ನ ಕೈಯಿಂದ ಅನ್ನ ತಿನ್ಬೇಕು ಕಣೋ. ಸಿಟ್ಟು ನನ್ನ ಮೇಲಿದ್ರೆ ನನ್ನ ಜೊತೆ ಹೋಗುತ್ತೆ. ನಿನ್ನ ಮೇಲೆ ಬಂದ್ರೆ ಅವಳು ಎಲ್ಲಿಗೆ ಹೋಗ್ಬೇಕು?"

ಹೀಗೆ ನನ್ನ ಬಾಯಿಗೆ ಹೊಲಿಗೆ ಹಾಕಿ ಹೋದರು. ಒಂದು ಸಲ ಕಪಾಳಕ್ಕೆ ಹೊಡೆದಿದ್ದರೆ ಅವರ ಮೇಲೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಅವರನ್ನು ಹೊತ್ತುಕೊಂಡು ಹೋಗುವಾಗ ಬಂದರಿನವರೆಲ್ಲ ಬಂದಿದ್ದರು. ಅಲ್ಲೂ ಯಾರೋ ಪಿಸುಗುಟ್ಟಿದರು, "ಪಾಪ, ಕೊನೇ ದಿನ ಒಂದು ಚೀಲ ಮರೆತುಬಿಟ್ರು." ನನ್ನ ಹೆಗಲ ಮೇಲೆ ಅವರ ಭಾರವಿತ್ತು. ಅಲ್ಲ, ಮರೆತದ್ದು ಅವರಲ್ಲ, ಎಂದು ಕೂಗಬಹುದಾಗಿತ್ತು. ಎಲ್ಲದಕ್ಕೂ ಕೂಗುವ ನಾನು ಅದಕ್ಕೆ ಕೂಗಲಿಲ್ಲ.

ಅಕ್ಕ ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಬಂದವರ ಮುಂದೆ ಗಂಡನ ಮರೆವಿನ ಕತೆ ಹೇಳುತ್ತಾಳೆ. ಕೌಂಟರಿನಲ್ಲಿ ನಾನು ಕೂಗಾಡಿದ್ದು ಅದರಲ್ಲಿ ತಮ್ಮ ತನಗಾಗಿ ಜಗಳವಾಡಿದ್ದು ಅಂತಲೇ ಬರುತ್ತದೆ. ಮೊದಮೊದಲು ಅಳುತ್ತಿದ್ದಳು, ಈಗ ಬರೀ ಹೇಳುತ್ತಾಳೆ. ಮೊನ್ನೆ ಮಧ್ಯಾಹ್ನ ಊಟದ ತಟ್ಟೆ ಅವಳ ಕೈಗಿಟ್ಟಾಗ ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ವೋ, ನೀನೂ ಅಲ್ಲೇ ಇದ್ದೆಯಲ್ಲ. ಅವರು ಚೀಲ ಗಾಡಿಗೆ ಹಾಕೋದು ನಿನಗಾದ್ರೂ ಕಾಣಲಿಲ್ವೇನೋ?"

"ಇಲ್ಲ ಅಕ್ಕ," ಅಂದೆ. "ನಾನು ಆ ಕಡೆ ಇದ್ದೆ."