ಗೋಡೆಯಾಚೆಯ ದಾವಲಬಿ ಚಾಚಿ

ದಾವಲಬಿ ಚಾಚಿಯ ಮುಖಕ್ಕಿಂತ ಮೊದಲು ನಾನು ಕಂಡದ್ದು ಅವರ ಕೈ. ಸಿಂದಗಿಯ ಆ ಬಾಡಿಗೆ ಮನೆಯಲ್ಲಿ ನಾವು ಸಾಮಾನು ಇಳಿಸಿದ ದಿನ ಅದು. ನಮ್ಮ ಮನೆಯವರು ಅಡುಗೆಕೋಣೆಯ ಗೋಡೆಯ ಮೊಳೆಗೆ ನಮ್ಮ ಕ್ರೈಸ್ತ ಸಭೆಯ ಕ್ಯಾಲೆಂಡರ್ ತೂಗುಹಾಕಿ ಹೊರಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಕ್ಯಾಲೆಂಡರ್ ತಾನಾಗಿಯೇ ಅಲುಗಾಡಿತು. ಅದರ ಬದಿಯಿಂದ ಮದರಂಗಿ ಹಚ್ಚಿ ಬೆರಳ ತುದಿ ಕೆಂಪಾದ ಕೈಯೊಂದು ಹೊರಬಂತು. ಕೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಝುಣಕ. ನಾನು ಕಿರುಚಿಕೊಂಡೆ.

"ಯಾಕ ಒದರತೀರಿ ಬಾಯಾರ, ಹಾವೇನ ಅಲ್ಲ ನಾ. ಹಿಡೀರಿ, ರೊಟ್ಟಿ ಆರಾಕತ್ತೈತಿ" ಎಂದು ಗೋಡೆಯೇ ಗದರಿಸಿತು.

ಆಮೇಲೆ ತಿಳಿಯಿತು. ಅದು ಮೊದಲು ಒಂದೇ ಮನೆಯಾಗಿತ್ತಂತೆ. ಗಂಡ ತೀರಿದ ಮೇಲೆ ಚಾಚಿ ಅರ್ಧ ಭಾಗವನ್ನು ಬಾಡಿಗೆಗೆ ಕೊಡಲು ನಡುವಿನ ಬಾಗಿಲು ಮುಚ್ಚಿಸಿದ್ದರು. ಹಳೆಯ ಕಾಲದಲ್ಲಿ ಒಂದೇ ದೀಪ ಎರಡೂ ಕೋಣೆಗೆ ಬೆಳಕು ಕೊಡಲಿ ಎಂದು ಗೋಡೆಯಲ್ಲಿ ಈ ಬದಿಯಿಂದ ಆ ಬದಿಗೆ ತೆರೆದಂತೆ ಬಿಟ್ಟಿದ್ದ ಗೂಡನ್ನು ಮಾತ್ರ ಮುಚ್ಚಿಸಿರಲಿಲ್ಲ. "ಗೌಂಡ್ಯಾನ ಪಗಾರ ಯಾರ ಕೊಡಬೇಕ್ರಿ?" ಎನ್ನುತ್ತಿದ್ದರು. ಆ ಗೂಡಿನಿಂದಲೇ ನಮಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ರಂಜಾನಿನಲ್ಲಿ ಹಾಲು-ಶಾವಿಗೆಯ ಸುರಕುಂಬಾ ಬರುತ್ತಿತ್ತು. ನಮ್ಮ ಕಡೆಯಿಂದ ಹೋಗುತ್ತಿದ್ದದ್ದು ಹೆಚ್ಚಾಗಿ ಖಾಲಿ ಬಟ್ಟಲು.

ಮಿಷನರಿ ಕುಟುಂಬ ಎಂದರೆ ಕೆಲವರು ಈಗಲೂ ಬಿಳಿಯರನ್ನು ನೆನೆಯುತ್ತಾರೆ. ನಮ್ಮ ಮನೆಯವರು ಬೀದರ ಕಡೆಯವರು, ನಾನು ಗದಗಿನವಳು. ನಮ್ಮನ್ನು ಕಳಿಸಿದ ಸಂಸ್ಥೆಯ ಹೆಸರೂ ಹತ್ತು ಜನಕ್ಕೆ ಗೊತ್ತಿಲ್ಲ. ಭಾನುವಾರ ಮುಂದಿನ ಕೋಣೆಯಲ್ಲಿ ನಾಲ್ಕಾರು ಮನೆಯವರು ಆರಾಧನೆಗೆ ಸೇರುತ್ತಿದ್ದರು. ಉಳಿದ ದಿನ ನಮ್ಮ ಮನೆಯವರು ಹಳ್ಳಿ ಸುತ್ತುತ್ತಿದ್ದರು. ಪಾಸ್ಟರ್ ಎಂದ ಕೂಡಲೇ ಆ ಊರಿನಲ್ಲಿ ಮನೆ ಸಿಗುವುದು ಕಷ್ಟವಾಗಿತ್ತು. ಇವರಿಗೆ ಮನೆ ಯಾಕೆ ಕೊಟ್ಟೆ ಎಂದು ಓಣಿಯ ಹಿರಿಯರೊಬ್ಬರು ಕೇಳಿದಾಗ ಚಾಚಿ, "ಬಾಡಿಗಿ ಮನಿಗೆ ಜಾತಿ ಕೇಳೂದಾದ್ರ ಮೊದ್ಲ ಬಂದು ನನ್ನ ಗ್ವಾಡಿಗೆ ಸುಣ್ಣ ಹಚ್ರಿ, ಆಮ್ಯಾಲ ಕೇಳ್ರಿ" ಎಂದಿದ್ದರಂತೆ. ಅವರು ಮತ್ತೆ ಕೇಳಲಿಲ್ಲ.

ಮೆತ್ತಗೆ ಮಾತಾಡುವುದು ಚಾಚಿಗೆ ಬರುತ್ತಲೇ ಇರಲಿಲ್ಲ. ಹಾಲಿನವನನ್ನು, ಅಡತಿ ಅಂಗಡಿಯಿಂದ ತಡವಾಗಿ ಬರುವ ಮಗ ರಾಜೇಸಾಬನನ್ನು, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸದೆ ಹೋದ ಕಲಬುರಗಿ ಬಸ್ಸನ್ನು ಒಂದೇ ದನಿಯಲ್ಲಿ ಬೈಯುತ್ತಿದ್ದರು. ಭಾನುವಾರದ ಆರಾಧನೆಗೆ ತಮ್ಮ ಜಮಖಾನೆ ಕೊಡುತ್ತಿದ್ದರು, ಕೊಡುವಾಗಲೂ ಬೈಗುಳವೇ: "ಚಪ್ಪಲಿ ಹೊರಗ ಬಿಟ್ಟು ಬಾ ಅಂತ ಹೇಳ್ರಿ ನಿಮ್ಮ ಮಂದಿಗೆ." ಯಾವ ಮಾತು ಉದ್ದವಾದರೂ ಕೊನೆಗೆ "ರೊಟ್ಟಿ ಆರಾಕತ್ತೈತಿ" ಎಂದು ಮುಗಿಸುತ್ತಿದ್ದರು. ಒಲೆಯ ಮೇಲೆ ಹಂಚು ಇರಲಿ ಬಿಡಲಿ, ಮಾತು ಸಾಕು ಎಂದು ಅದರ ಅರ್ಥ.

ನನ್ನ ಮಗಳು ಕೃಪಾ ಇನ್ನೂ ಕೈಗೂಸಾಗಿದ್ದಾಗ ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿ ಕೂಸು ಕಣ್ಣು ಮೇಲೆ ಮಾಡಿತು. ನಮ್ಮ ಮನೆಯವರು ಇಂಡಿ ಕಡೆಯ ಯಾವುದೋ ಹಳ್ಳಿಯಲ್ಲಿದ್ದರು, ಫೋನ್ ಹತ್ತುತ್ತಿರಲಿಲ್ಲ. ನಾನು ಮಗುವನ್ನು ಎದೆಗೊತ್ತಿಕೊಂಡು ಪ್ರಾರ್ಥನೆ ಮಾಡುತ್ತ ಕೂತುಬಿಟ್ಟಿದ್ದೆ. ಚಾಚಿ ಬಂದವರೇ ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು, "ಪ್ರಾರ್ಥನಾ ಬಸ್ಸಿನ್ಯಾಗ ಮಾಡೀರಂತ, ಏಳ್ರಿ ಮೊದ್ಲ" ಎಂದರು. ವಿಜಯಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರನ ಸೀಟನ್ನೇ ಬಿಡಿಸಿ ಕೂತರು. ಆಸ್ಪತ್ರೆಯಲ್ಲಿ ಡಾಕ್ಟರ್ ಬರುವುದು ತಡವಾದದ್ದಕ್ಕೆ ನರ್ಸಿನೊಂದಿಗೆ ಜಗಳ ತೆಗೆದರು. ಜ್ವರ ಇಳಿಯುವವರೆಗೆ ಮಂಚದ ಕೆಳಗೆ ಸೆರಗು ಹಾಸಿಕೊಂಡು ಮಲಗಿದರು.

ಸುದ್ದಿ ತಿಳಿದು ನಮ್ಮ ಮನೆಯವರು ಓಡಿ ಬಂದಾಗ ಮಗು ಕಣ್ಣು ಬಿಟ್ಟಿತ್ತು. ಅವರು ವಾರ್ಡಿನಲ್ಲೇ ಮೊಣಕಾಲೂರಿ, "ಕರ್ತನೇ, ಸಹಾಯಕರಿಲ್ಲದ ಹೊತ್ತಿನಲ್ಲಿ ನೀನೊಬ್ಬನೇ ನನ್ನ ಮಗುವನ್ನು ಕಾಪಾಡಿದಿ" ಎಂದು ಗಟ್ಟಿಯಾಗಿ ಅತ್ತರು. ಚಾಚಿ ಪಕ್ಕದಲ್ಲೇ ಚಹಾದ ಲೋಟ ಹಿಡಿದು ನಿಂತಿದ್ದರು. ಪ್ರಾರ್ಥನೆ ಮುಗಿಯುವವರೆಗೆ ಕಾದು, "ಚಾ ಕುಡೀರಿ ಪಾಸ್ಟರ್ರ" ಎಂದರು. ನನಗೆ ಆಗ ಏನೂ ಅನಿಸಲಿಲ್ಲ. ಪ್ರಾರ್ಥನೆ ಎಂದರೆ ಹಾಗೇ ಇರುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನಾನು.

ಕೃಪಾ ಬೆಳೆದದ್ದು ಗೋಡೆಯ ಆ ಕಡೆಯೇ. ಚಾಚಿಯನ್ನು ಅವಳು ನಾನಿ, ಅಂದರೆ ಅಜ್ಜಿ, ಎನ್ನುತ್ತಿದ್ದಳು. ಚಾಚಿ ಅವಳಿಗೆ ರೊಟ್ಟಿ ಬಡಿಯಲು ಕಲಿಸಿದರು. ನನ್ನ ರೊಟ್ಟಿ ಇವತ್ತಿಗೂ ಅಂಚು ಒಡೆಯುತ್ತದೆ, ಅವಳದು ಒಡೆಯುವುದಿಲ್ಲ.

ಹತ್ತು ವರ್ಷ ಕಳೆದ ಮೇಲೆ ಸಂಸ್ಥೆಯಿಂದ ಸೂಚನೆ ಬಂತು. ಸಿಂದಗಿಗೆ ಹೊಸ ಕುಟುಂಬ ಬರುತ್ತದೆ, ನೀವು ಬೇರೆ ಕಡೆ ಕೆಲಸ ಆರಂಭಿಸಿ, ಎಲ್ಲಿ ಎಂಬುದನ್ನು ನೀವೇ ಪ್ರಾರ್ಥಿಸಿ ತಿಳಿಸಿ ಎಂದರು. ಮೂರು ಊರುಗಳ ಮಾತಿತ್ತು. ಇಂಡಿ, ಮುದ್ದೇಬಿಹಾಳದ ಆಚೆ ನಾಲತವಾಡ, ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರ. ಮೂರಕ್ಕೂ ಬಸ್ಸು ಹತ್ತಿ ಹೋಗಿ ಬಂದೆವು. ಇಂಡಿಯಲ್ಲಿ ಒಬ್ಬರು ಚೀಲದ ತುಂಬ ಲಿಂಬೆಹಣ್ಣು ಕೊಟ್ಟು, ಇಲ್ಲಿ ಆಗಲೇ ಬೇರೆ ಪಾಸ್ಟರ್ ಇದ್ದಾರೆ ಎಂದು ನಯವಾಗಿ ಹೇಳಿ ಕಳಿಸಿದರು. ಇಂಗಳೇಶ್ವರ ನನಗೆ ಹಿಡಿಸಿತು, ಬಾಗೇವಾಡಿಯ ಒಳ್ಳೆಯ ಶಾಲೆ ಹತ್ತಿರವಿತ್ತು. ನಮ್ಮ ಮನೆಯವರ ಮನಸ್ಸು ನಾಲತವಾಡದ ಮೇಲೆ ಕೂತಿತ್ತು.

ಇಂಥ ತೀರ್ಮಾನಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಅದು ನಮ್ಮ ಮಾವನವರ ಕಾಲದಿಂದ ಬಂದದ್ದು. ದಿನಾ ಸಂಜೆ ಮಾಡುವಂತೆಯೇ ಊಟಕ್ಕೆ ಮೊದಲು ಮನೆಯವರೆಲ್ಲ ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಪ್ರಾರ್ಥಿಸಬೇಕು. ಆಮೇಲೆ ಸ್ವಲ್ಪ ಹೊತ್ತು ಮೌನವಾಗಿದ್ದು, ಕಣ್ಣು ಮುಚ್ಚಿಕೊಂಡೇ ಒಬ್ಬೊಬ್ಬರಾಗಿ ಮನಸ್ಸಿಗೆ ಬಂದ ಊರಿನ ಹೆಸರು ಹೇಳಬೇಕು. ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂದ ದಿನ ಅದೇ ದೇವರ ಚಿತ್ತ. ನಮ್ಮ ಮನೆಯವರು ನಾಲತವಾಡ ಎನ್ನುತ್ತಿದ್ದರು. ನಾನು ಇಂಗಳೇಶ್ವರ ಎನ್ನುತ್ತಿದ್ದೆ. ಕೃಪಾ ದಿನಾಲೂ ಸಿಂದಗಿ ಎನ್ನುತ್ತಿದ್ದಳು.

"ಸಿಂದಗಿ ಲೆಕ್ಕಕ್ಕಿಲ್ಲಲೇ" ಎಂದು ಅವಳಪ್ಪ ಕಣ್ಣು ಮುಚ್ಚಿಕೊಂಡೇ ಗದರುತ್ತಿದ್ದರು.

"ನಂಗ ಅದ ಬರತೈತಿ ಪಪ್ಪಾ, ನಾ ಏನ ಮಾಡ್ಲಿ?"

ಬೀದರಿಗೆ, ಗದಗಿಗೆ, ಹುಬ್ಬಳ್ಳಿಗೆ ಫೋನ್ ಮಾಡಿ ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡೆವು. ಗೋಡೆಯಾಚೆಯ ಚಾಚಿಗೆ ಮಾತ್ರ ಏನೂ ಹೇಳಲಿಲ್ಲ. ಪಕ್ಕಾ ಆದ ಮೇಲೆ ಹೇಳಿದರಾಯಿತು ಎಂದು ನಾನೇ ನಮ್ಮ ಮನೆಯವರ, ಕೃಪಾಳ ಬಾಯಿ ಕಟ್ಟಿದ್ದೆ. ಬೈಯುತ್ತಾರೆ ಎಂಬ ಅಂಜಿಕೆ ಒಂದು ಕಡೆ. ಇದು ನಮ್ಮವರ ವಿಷಯ, ಅವರಿಗೇನು ತಿಳಿಯುತ್ತದೆ ಎಂಬ ಸಣ್ಣತನವೂ ನನ್ನಲ್ಲಿತ್ತು. ಕ್ಯಾಲೆಂಡರಿನ ಹಿಂದೆ ಗೂಡು ಬಾಯಿ ತೆರೆದುಕೊಂಡೇ ಇತ್ತು, ನಾವು ಅದರ ಕೆಳಗೇ ಚಾಪೆ ಹಾಸುತ್ತಿದ್ದೆವು. ಆದರೂ ನಮ್ಮ ಪ್ರಾರ್ಥನೆ ದೇವರಿಗೆ ಮಾತ್ರ ಕೇಳುತ್ತದೆ ಎಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ಚಾಚಿ ಮುಂಬಾಗಿಲಿನಿಂದಲೇ ಬಂದರು. ಅವರು ಹಾಗೆ ಬರುವುದು ಅಪರೂಪ. ಎಲ್ಲಿಂದಲೋ ಬಂದವರಂತೆ ಬುರ್ಖಾಕ್ಕೆಲ್ಲ ಧೂಳು ಮೆತ್ತಿತ್ತು. ನಮ್ಮ ಮನೆಯವರನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನಾಲತವಾಡಕ್ಕ ಹೋಗ್ರಿ. ಇಂಗಳೇಶ್ವರದಾಗ ನಿಮಗ ಮನಿ ಕೊಡಾವ್ರ ಸಿಗೂದು ತ್ರಾಸ ಐತಿ, ನಾ ಕೇಳಿಸೇನಿ. ನಾಲತವಾಡದಾಗ ನಮ್ಮ ತಂಗಿ ಇರ್ತಾಳ. ನಿನ್ನೆ ಹೋಗಿ ರಾತ್ರಿ ಅಲ್ಲೇ ಉಳದು, ಅಕಿ ಮನಿ ಬಾಜೂಕ ಎರಡ ಖೋಲಿ ನೋಡಿ ಈಗ ಬಂದೇನಿ. ನಳ ಅಂಗಳದಾಗ ಐತಿ. ಸಾಲಿ ನಡಕೋಂತ ಹೋಗೂ ಅಂತರ. ನನ್ನ ಮಂದಿ ಅಂತ ಹೇಳಿ ಬಂದೇನಿ, ಯಾರೂ ತಕರಾರ ಮಾಡಂಗಿಲ್ಲ."

"ನಿಮಗ ಹೆಂಗ ಗೊತ್ತಾತ್ರಿ ಚಾಚಿ?" ಎಂದೆ.

"ದಿನಾ ಮೂರ ಊರಿನ ಹೆಸರ ಕೂಗಿದ್ರ ಕಿವಿ ಇದ್ದಾವ್ರಿಗೆ ಗೊತ್ತಾಗಂಗಿಲ್ಲೇನ್ರಿ? ಏಳ್ರಿ, ರೊಟ್ಟಿ ಆರಾಕತ್ತೈತಿ." ಅವರು ಎದ್ದು ಹೋದರು.

ಆ ಸಂಜೆ ಚಾಪೆಯ ಮೇಲೆ ನಾನೂ ನಾಲತವಾಡ ಎಂದೆ. ಕೃಪಾ, "ನಾನಿ ಹೇಳ್ಯಾಳಂದ್ರ ನಾಲತವಾಡ" ಎಂದಳು. ನಮ್ಮ ಮನೆಯವರಿಗೆ ಸಂತೋಷ ತಡೆಯಲಾಗಲಿಲ್ಲ. ಎರಡೂ ಕೈ ಮೇಲೆತ್ತಿ ಸ್ತೋತ್ರ ಹೇಳಿದರು: "ಕರ್ತನೇ, ಇಷ್ಟು ವರ್ಷ ಈ ಊರಿನಲ್ಲಿ ನಿನ್ನ ಹೊರತು ನಮಗೆ ಯಾರೂ ಇರಲಿಲ್ಲ. ಈ ಕಲ್ಲೆದೆಯ ಜನರ ನಡುವೆ ನೀನೇ ನಮ್ಮನ್ನು ಪೋಷಿಸಿದಿ. ಈಗ ನೀನೊಬ್ಬನೇ ನಮಗೆ ಬಾಗಿಲು ತೆರೆದಿ." ನಾನು ಆಮೆನ್ ಎಂದೆ. ಪೂರ್ತಿ ಮನಸ್ಸಿನಿಂದಲೇ ಎಂದೆ.

ಮರುದಿನ ಗೋಡೆಯಿಂದ ಬಟ್ಟಲು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ಆದರೆ ಹಾಲಿನವನನ್ನು ಬೈಯುವ ದನಿ ಎಂದಿನಂತೆ ಕೇಳುತ್ತಿತ್ತು. ವಾರ ಕಳೆದ ಮೇಲೆ ನಾನೇ ಅವರ ಮನೆಗೆ ಹೋದೆ. ತೊಗರಿ ಹಸನು ಮಾಡುತ್ತಿದ್ದರು. ಮೊರ ಹಿಡಿದ ಕೈ ನಿಲ್ಲಿಸಲಿಲ್ಲ.

"ಸಿಟ್ಟಾಗೇರೇನ್ರಿ ಚಾಚಿ?"

"ಸಿಟ್ಟ ಯಾಕ ಆಗ್ಲಿ? ನಾ ನಿಮಗ ಯಾರು?"

ಅವರು ಮೊರವನ್ನು ಕೆಳಗಿಟ್ಟರು. ಅವತ್ತು ಮೊದಲ ಸಲ ಅವರು ಮೆತ್ತಗೆ ಮಾತಾಡಿದ್ದನ್ನು ಕೇಳಿದೆ.

"ಹತ್ತ ವರ್ಷ ದಿನಾ ಸಂಜೀಕ ಕೇಳೇನಿ, ಈ ಊರಾಗ ನಮಗ ಯಾರೂ ಇಲ್ಲ, ಯಾರೂ ಇಲ್ಲ ಅಂತ. ಇರ್ಲಿ ಬಿಡು, ದೇವ್ರ ಮುಂದ ಹಂಗ ಅನ್ನೂದು ಇವ್ರಾಗ ಪದ್ಧತಿ ಇರಬೇಕು, ಹಂಗ ಅಂದ್ರ ಆಂವ ಜಲ್ದಿ ಕೇಳತಾನೇನೋ ಅಂತ ಅನ್ಕೊಂಡೆ. ನಿಮ್ಮ ಸಂಬಂಧ ಧೂಳಾಗ ನಾಲತವಾಡಕ್ಕ ಹೋಗಿ ಬಂದ ದಿನಾನೂ ಅದ ಮಾತ ಕೇಳಿದೆ. ನನಗ ಏನೂ ಹೇಳಬ್ಯಾಡ್ರಿ ಬಾಯಾರ. ಆಂವ್ಗ, ಆ ನಿಮ್ಮ ದೇವ್ರಿಗೆ, ಒಂದ ದಿನಾರೆ ಖರೇ ಹೇಳಬೇಕಿತ್ತಿಲ್ಲೋ?"

ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ನಾನು ಅದರ ಬದಲು, ಅದು ಪ್ರಾರ್ಥನೆಯ ಭಾಷೆ, ಹಾಗೆ ಹೇಳುವುದು ರೂಢಿ ಎಂದು ಏನೇನೋ ವಿವರಿಸಲು ಹೊರಟೆ. ಚಾಚಿ ಮತ್ತೆ ಮೊರ ಎತ್ತಿಕೊಂಡರು. ರೊಟ್ಟಿ ಆರುತ್ತದೆ ಎಂದು ಕೂಡ ಅನ್ನಲಿಲ್ಲ.

ಮನೆಯವರಿಗೆ ಇದನ್ನು ಹೇಳಿದೆ. ಅವರು ಅವತ್ತು ಊಟ ಮಾಡಲಿಲ್ಲ. ಚಾಪೆಯ ಮೇಲೆ ಕೂತವರು ಪ್ರಾರ್ಥನೆ ಮಾಡದೆ ಎದ್ದರು. ಹೋಗುವ ಮೊದಲು ಚಾಚಿಯ ಕೈ ಹಿಡಿದು ಕ್ಷಮೆ ಕೇಳುತ್ತೇನೆ ಎಂದರು. ಆದರೆ ಟೆಂಪೋ ಬಂದ ಬೆಳಿಗ್ಗೆ ಚಾಚಿ ನಮ್ಮ ಖಾಲಿ ಮನೆಗೆ ಪೊರಕೆ ಹಿಡಿದು ನುಗ್ಗಿದರು. ಕಸ ಹೊಡೆಯುತ್ತ, ಗೋಡೆಯ ಮೊಳೆ ಒಂದೊಂದನ್ನೂ ಎಣಿಸಿ ಬೈಯುತ್ತ, ಮಾತಿಗೆ ಎಡೆಯೇ ಕೊಡಲಿಲ್ಲ. ಕೃಪಾಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು, ನೆತ್ತಿಗೆ ಮುತ್ತು ಕೊಟ್ಟು, ಪೊರಕೆಯಿಂದಲೇ ಅವಳನ್ನು ಟೆಂಪೋದ ಕಡೆ ಅಟ್ಟಿದರು. ನಾವು ಬರ್ತೇವ್ರಿ ಎಂದೆವು. ಹೂಂ ಎಂದರು.

ನಾಲತವಾಡದ ಮನೆ ಅವರು ಹೇಳಿದಂತೆಯೇ ಇತ್ತು. ಅವರ ತಂಗಿ ನಮ್ಮನ್ನು ಮೊದಲ ದಿನದಿಂದಲೇ ಮನೆಮಂದಿಯಂತೆ ನೋಡಿಕೊಂಡರು. ಅದನ್ನು ಕಂಡಷ್ಟೂ ಸಿಂದಗಿಗೆ ಹೋಗಲು ಮುಖವಿಲ್ಲದಂತಾಯಿತು. ಹಬ್ಬ ಕಳೆಯಲಿ, ಮಳೆ ಕಳೆಯಲಿ, ಮುಂದಿನ ತಿಂಗಳು ಖಂಡಿತ ಎನ್ನುತ್ತಲೇ ಇದ್ದೆವು. ಫೋನಿನಲ್ಲಿ ಚಾಚಿ ನಳಕ್ಕೆ ನೀರು ಬರುತ್ತದೆಯೇ ಎಂದು ಕೇಳುತ್ತಿದ್ದರು, ಕೃಪಾಳಿಗೆ ಕೊಡಿ ಎನ್ನುತ್ತಿದ್ದರು. ಹೇಳಬೇಕಾದ ಮಾತನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದು ನಾನು ಅದನ್ನೂ ಮುಂದೂಡಿದೆ.

ಕಳೆದ ವರ್ಷ ಅವರ ತಂಗಿಯೇ ಅಳುತ್ತ ಬಂದು ಚಾಚಿ ತೀರಿದ ಸುದ್ದಿ ಹೇಳಿದರು. ಅವರು ತಮ್ಮ ಮಗನ ಬೈಕಿನಲ್ಲಿ ಮುಂದೆ ಹೋದರು, ನಾವು ಬಸ್ಸಿನಲ್ಲಿ ಹೊರಟೆವು. ನಾವು ಮುಟ್ಟುವ ಹೊತ್ತಿಗೆ ಚಾಚಿಯನ್ನು ದಫನ್ನಿಗೆ ಒಯ್ದಿದ್ದರು. ನಮ್ಮ ಮನೆಯವರು ಗಂಡಸರನ್ನು ಸೇರಿಕೊಳ್ಳಲು ಖಬರಸ್ತಾನದ ಕಡೆ ಓಡಿದರು. ಮನೆಯ ಒಳಗೆ ಹೆಂಗಸರು ಕೂತಿದ್ದರು. ಹೊರಗಿನ ಕಟ್ಟೆಯ ಮೇಲೆ ಓಣಿಯವರು, ಪರಿಚಯದವರು ಇದ್ದರು.

ಬಾಗಿಲಲ್ಲಿ ನನ್ನನ್ನು ಗುರುತಿಸದ ಹುಡುಗಿಯೊಬ್ಬಳು ನಿಂತಿದ್ದಳು. ಕಲಬುರಗಿ ಕಡೆಯ ನೆಂಟಳಿರಬೇಕು.

"ಅಕಿಗೆ ನೀವು ಏನಾಗಬೇಕ್ರಿ?" ಎಂದು ಕೇಳಿದಳು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಚಾಚಿ ನಮಗೆ ಏನಾಗಿದ್ದರು ಎಂಬುದನ್ನು ಎಲ್ಲರೆದುರು ಹೇಳಬೇಕೆಂದಿದ್ದೆ. ಒಳಗೆ ಕೂತಿದ್ದ ಅಷ್ಟು ಮುಖಗಳು ನನ್ನ ಕಡೆ ತಿರುಗಿದವು.

"ಬಾಡಿಗಿಗೆ ಇದ್ವಿರಿ" ಎಂದೆ.

"ಹಂಗಾರ ಇಲ್ಲೇ ಕುಂಡ್ರಿರಿ. ಒಳಗ ಮನಿ ಮಂದಿ ಅದಾರ" ಎಂದು ಕಟ್ಟೆಯನ್ನು ತೋರಿಸಿದಳು.

ಕೃಪಾ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು, ಆ ಹುಡುಗಿಯನ್ನು ದಾಟಿ, ನಾನೀ ಎಂದು ಅಳುತ್ತ ಒಳಗೆ ಹೋದಳು. ಹೆಂಗಸರು ಸರಿದು ಅವಳಿಗೆ ನಡುವೆ ಜಾಗ ಮಾಡಿಕೊಟ್ಟರು. ನಾನು ಕಟ್ಟೆಯ ಮೇಲೆ ಕೂತೆ.